ಅತ್ತೆಯ ಕೆನ್ನೆಗೆ ನಾನು ಹೇಳಿದ ಮದ್ದು

ಸ್ವಲ್ಪ ನಿಂತ್ಕಳಿ, ಪುಟ ತಿರುಗಿಸಬೇಡಿ. ಜಡೆ ಊರಿನ ನಮ್ಮ ಸೋದರತ್ತೆ ಆಸ್ಪತ್ರೆಗೆ ಹೋಗೋದನ್ನ ಐದು ತಿಂಗಳು ತಡ ಮಾಡಿಸಿದ್ದು ನಾನು. ಮನೇಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಾನು ಶಿಕಾರಿಪುರದೋನು. ಎಸ್ಸೆಸ್ಸೆಲ್ಸಿ ಫೇಲು, ಆದ್ರೆ ವಿಜ್ಞಾನದ ಹುಚ್ಚು — ಲೈಬ್ರರಿಗೆ ಬರೋ ಪತ್ರಿಕೆ ಒಂದನ್ನೂ ಬಿಡ್ತಿರಲಿಲ್ಲ. ಆಮ್ಲಜನಕ ಸಿಗದ ಜೀವಕೋಶ ಕೆಟ್ಟು ಕ್ಯಾನ್ಸರ್ ಆಗುತ್ತೆ ಅಂತ ಎಲ್ಲೋ ಓದಿದ್ದೆ. ಅರ್ಧ ಪುಟ. ಅಷ್ಟೇ.

ಅತ್ತೆಗೆ ಕವಳ ಇಲ್ದೆ ಗದ್ದೆ ನಟ್ಟಿ ಸಾಗ್ತಿರಲಿಲ್ಲ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು — ಎಡಗೆನ್ನೆಗೆ ಒತ್ತಿಕೊಂಡ್ರೆ ಮಧ್ಯಾಹ್ನದವರೆಗೂ ಅಲ್ಲೇ. ಆ ಜಾಗದಲ್ಲಿ ಬೆಳ್ಳಗೆ, ದಪ್ಪಗೆ ಮಚ್ಚೆ ಕಟ್ತು. ನಾನೇ ಸೊರಬದ ಡಾಕ್ಟರ ಹತ್ರ ಕರಕೊಂಡು ಹೋದೆ. "ಕವಳ ಬಿಡ್ರೀ. ಶಿವಮೊಗ್ಗಕ್ಕೆ ಹೋಗಿ ಚೂರು ಕೊಯ್ಸಿ ಪರೀಕ್ಷೆ ಮಾಡಿಸಿ" ಅಂದ್ರು.

ಅತ್ತೆಗೆ ಕೊಯ್ಯೋದು ಅಂದ್ರೇ ನಡುಕ. ಇದು ಯಾಕಾಯ್ತು, ಕೊಯ್ಸಲೇಬೇಕಾ ಅಂತ ಬಸ್ಸಲ್ಲಿ ನನ್ನ ಕೇಳಿದ್ಲು.

"ಗಾಳಿ ಸಿಗದೆ ಆಗಿರೋದು ಅತ್ತೆ. ಗಾಳಿ ಕೊಟ್ರೆ ಸರಿಹೋಗುತ್ತೆ, ಕೊಯ್ಸೋದೆಲ್ಲ ಬೇಡ."

"ಹಂಗಾರೆ ಕವಳ ಬಲಗಡೆ ಇಟ್ಕಳ್ತೀನಿ, ಎಡಗಡೇದು ಉಸಿರಾಡ್ಲಿ. ನೀನೇ ಡಾಕ್ಟ್ರು ಮಾರಾಯ!"

ನಾನು ಹೂಂ ಅಂದೆ. ಹೂಂ ಅಂದುಬಿಟ್ಟೆ!

ಶಿವಮೊಗ್ಗದ ಮಾತನ್ನ ಅವಳು ಮನೇಲಿ ಎತ್ತಲೇ ಇಲ್ಲ. ದಿನಾ ಬೆಳಿಗ್ಗೆ ಜಗಲಿ ಮೇಲೆ ಬಾಯಿ ಕಳಕೊಂಡು ಕೂರೋಳು. "ನೊಣ ಹಿಡೀತಿದೀಯೇನೇ?" ಅಂತ ಮಾವ ಆಡಿಕೊಳ್ಳೋರು.

ಮಚ್ಚೆ ಹುಣ್ಣಾಯ್ತು. ಕುತ್ತಿಗೇಲಿ ಗಂಟು. ಆಮೇಲೆ ಶಿವಮೊಗ್ಗ — ಮಚ್ಚೆ ಇದ್ದಾಗಲೇ ಬಂದಿದ್ರೆ ತೆಗೀಬಹುದಿತ್ತೇನೋ ಅಂದ್ರು ಅಲ್ಲಿ. "ಯಾಕೇ ತಡ ಮಾಡ್ದೆ?" ಅಂತ ಮಾವ ಗದರಿದ್ರು. ಅತ್ತೆ ನನ್ನ ಕಡೆ ನೋಡಲೂ ಇಲ್ಲ. "ನಟ್ಟಿ ಇತ್ತಲ್ಲ" ಅಂದ್ಲು. ನಾನು ಅಲ್ಲೇ ನಿಂತಿದ್ದೆ.

ಅವಳು ತೀರಿಹೋದಮೇಲೆ ಓದಿದೆ — ಈ ಸಲ ಪೂರ್ತಿ. ಕೋಶಗಳು ಗಂಟುಕಟ್ಟಿ ಬೆಳೆದಾಗ ಒಳಗಿನವಕ್ಕೆ ರಕ್ತ ಸರಿಯಾಗಿ ಮುಟ್ಟಲ್ಲ, ಆಮ್ಲಜನಕ ಸಾಲಲ್ಲ. ಅದು ಕಾಯಿಲೆಗೆ ಕಾರಣವೋ, ಕಾಯಿಲೆಯಿಂದಾದದ್ದೋ — ಬಲ್ಲೋರೇ ಇನ್ನೂ ಜಗಳಾಡ್ತಿದಾರೆ. ಕೆನ್ನೆಗೆ ಆಮ್ಲಜನಕ ತರೋದು ರಕ್ತ ರೀ, ಜಗಲಿ ಗಾಳಿ ಅಲ್ಲ! ಇಷ್ಟೂ ತಿಳೀದೆ ನಾನು — ಥೂ! ಮತ್ತೆ ಕಾಯಿಲೆ ತಂದಿದ್ದೇ ಆ ಕವಳ, ಅದನ್ನ ಬಲಗೆನ್ನೆಗೆ —

ಎರಡು ವರ್ಷ ಆಯ್ತು. ನಟ್ಟಿಗೆ ಸಸಿ ಕೀಳೋ ಹೊತ್ತಿಗೆ ಮಾವ ಈಗಲೂ ಅಂತಾರೆ, "ನಾನೇ ಅವಳನ್ನ ಗದ್ದೇಲಿ ದುಡಿಸಿ ಕೊಂದೆ." ನನ್ನ ಪಾಲಿನ ತಪ್ಪನ್ನ ಅವರು ಹೊತ್ಕೊಂಡು ತಿರುಗ್ತಿದಾರೆ.

ಭಾನುವಾರ ಜಡೆಗೆ ಹೋಗಿ ಅವರ ಮುಂದೆ ಹೇಳ್ತೀನಿ. ಹೊಡೆದ್ರೆ ಹೊಡೀಲಿ. ಅರ್ಧ ಓದಿ ಕಾಯಿಲೆಯೋರಿಗೆ ಬುದ್ಧಿ ಹೇಳಿದೋರು ನಿಮ್ಮಲ್ಲೂ ಇರಬಹುದು. ಈ ಪತ್ರಿಕೆಗೇ ಬರೀರಿ — ಆಮೇಲೆ ಆ ಮನೆಯವರಿಗೆ ಹೆಂಗೆ ಹೇಳಿದ್ರಿ, ಹೇಳಿದ್ರೋ ಇಲ್ವೋ, ಅದನ್ನೂ ಬರೀರಿ.