ಗಟ್ಟಿ ಗಾಡಿ, ಗಟ್ಟಿ ಮೊಸರು

ರಾಯಚೂರಿನಲ್ಲಿ ನಾವು ಒಳ್ಳೆಯದಕ್ಕೆಲ್ಲ ಗಟ್ಟಿ ಅನ್ನುತ್ತೇವೆ. ಚಹಾ ಗಟ್ಟಿ ಇರಬೇಕು, ಬಾಗಿಲು ಗಟ್ಟಿ ಇರಬೇಕು, ಎಂಬತ್ತು ದಾಟಿದವರು ಎದುರಾದರೆ "ಗಟ್ಟಿ ಅದೀರಿ?" ಎಂದೇ ಕೇಳಬೇಕು. ನನ್ನ ಕಾರು ಕೆಟ್ಟಿದ್ದು ಈ ಒಂದು ಮಾತಿನಿಂದ.

ಹಳೆಯ ಕಾರು. ತಿರುವು ಬಂದರೆ ಒಂದು ಕಡೆ ವಾಲುತ್ತಿತ್ತು. ನನ್ನ ಜೊತೆ ಶಾಲೆಯಲ್ಲಿ ಪಾಠ ಮಾಡುವ ಗೆಳೆಯನೊಬ್ಬನನ್ನು ಒಮ್ಮೆ ಮಾನ್ವಿಗೆ ಬಿಡಲು ಹೋದಾಗ, ಆ ಮಹಾನುಭಾವ ದಾರಿಯುದ್ದಕ್ಕೂ ಮೇಲಿನ ಹಿಡಿಕೆಗೆ ಜೋತುಬಿದ್ದು, "ಲೇ, ಕಾರ ಓಡಸಾಕತ್ತೀಯೋ, ಜೋಕಾಲಿ ಆಡಸಾಕತ್ತೀಯೋ?" ಎಂದ. ಮರುದಿನ ಸ್ಟಾಫ್ ರೂಮಿನಲ್ಲೆಲ್ಲ ಅದೇ ಸುದ್ದಿ. ನನಗೆ ಮೈಯೆಲ್ಲ ಉರಿಯಿತು.

ಅವ್ವನಿಗೆ ಮಾತ್ರ ಆ ಜೋಕಾಲಿಯೇ ಇಷ್ಟ. ಪ್ರತಿ ಭಾನುವಾರ ಅವಳನ್ನು ದೇವದುರ್ಗಕ್ಕೆ, ದೊಡ್ಡವ್ವನ ಮನೆಗೆ ಕರೆದೊಯ್ಯುತ್ತಿದ್ದೆ. ತನ್ನ ಅಕ್ಕನಿಗಾಗಿ ಹೆಪ್ಪು ಹಾಕಿದ ಮೊಸರಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಕಲ್ಲೂರು ದಾಟುತ್ತಲೇ ನಿದ್ದೆ ಹೋಗುತ್ತಿದ್ದಳು. ಮನೆಯಲ್ಲಿ ಮಂಡಿನೋವಿಗೆ ಹೊರಳಾಡುವ ಅವ್ವ ವಾರಕ್ಕೊಮ್ಮೆ ಕಣ್ತುಂಬ ನಿದ್ದೆ ಮಾಡುತ್ತಿದ್ದದ್ದು ನನ್ನ ಹಿಂದಿನ ಸೀಟಿನಲ್ಲಿ.

ಇಷ್ಟೆಲ್ಲ ಗೊತ್ತಿದ್ದೂ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಸಾಹೇಬರು ಕೈ ಒರೆಸಿಕೊಳ್ಳುತ್ತ ಕೇಳಿದರು: "ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಗಟ್ಟೀವು ಹಾಕ್ಲೇನ್ರಿ ಸರ್, ಮೆತ್ತನ್ನವು ಹಾಕ್ಲೇನ್ರಿ? ಗಟ್ಟಿ ಹಾಕಿದ್ರ ತಿರುವಿನಾಗ ಗಾಡಿ ವಾಲಂಗಿಲ್ಲ. ಆದ್ರ ಒಂದೊಂದು ತಗ್ಗೂ ನಡಕ್ಕ ಗೊತ್ತಾಗ್ತದ."

ಪಕ್ಕದ ಬೆಂಚಿನ ಮೇಲೆ ನಾಲ್ಕು ಜನ ಚಹಾ ಕುಡಿಯುತ್ತ ನನ್ನನ್ನೇ ನೋಡುತ್ತಿದ್ದರು. ನಾಲ್ಕು ಜನರೆದುರು ರಾಯಚೂರಿನ ಗಂಡಸು "ಮೆತ್ತಗ" ಅನ್ನುತ್ತಾನೆಯೇ?

"ಗಟ್ಟೀನೇ ಹಾಕ್ರಿ," ಅಂದೆ.

ಮುಂದಿನ ಭಾನುವಾರ ಕಾರು ತಿರುವುಗಳಲ್ಲಿ ನೆಲಕ್ಕೆ ಅಂಟಿಕೊಂಡು ಓಡಿತು. ನಾನು ಸೀಟಿ ಹೊಡೆದೆ. ಕಲ್ಲೂರು ದಾಟಿದ ಮೇಲೆ ತಗ್ಗುಗಳು ಶುರುವಾದವು, ಸೀಟಿ ನಿಂತಿತು. ಕನ್ನಡಿಯಲ್ಲಿ ನೋಡಿದರೆ ಅವ್ವ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಮುಂದಿನ ಸೀಟು ಹಿಡಿದು, ಕಣ್ಣು ಪಿಳಿಪಿಳಿ ಬಿಡುತ್ತ ಕೂತಿದ್ದಳು.

ದೇವದುರ್ಗದಲ್ಲಿ ದೊಡ್ಡವ್ವ ಡಬ್ಬಿ ತೆರೆದಳು. "ಏನವಾ, ಈ ಸಲ ಮಜ್ಜಿಗಿ ತಂದೀ?"

"ಬಿಸಲ ಅದಲ್ಲಕ್ಕ, ಮಜ್ಜಿಗೀನೇ ಚಲೋ ಅಂತ ತಂದೆ," ಎಂದಳು ಅವ್ವ, ನನ್ನ ಕಡೆ ನೋಡದೆ.

ಮನೆಗೆ ಮರಳಿದ ಮೇಲೆ ನಡು ಹಿಡಿದುಕೊಂಡು ಕಾರಿನಿಂದಿಳಿದಳು. "ಬರೋ ವಾರ ನಾ ಬಸ್ಸಿಗೆ ಹೋಗ್ತೀನಪ್ಪಾ. ನಿನಗ್ಯಾಕ ತ್ರಾಸು?"

ನನಗೆ ಎಲ್ಲಿಲ್ಲದ ನಾಚಿಕೆಯಾಯಿತು. ನನ್ನ ಮರ್ಯಾದೆ ಉಳಿಸಲು ಅಕ್ಕನ ಮುಂದೆ ಸುಳ್ಳು ಹೇಳಿದವಳು, ನನ್ನನ್ನು ಒಂದು ಮಾತೂ ಅಂದಿರಲಿಲ್ಲ.

ಸೋಮವಾರ ಗ್ಯಾರೇಜಿನ ಬೆಂಚಿನ ಮೇಲೆ ಅದೇ ನಾಲ್ಕು ಜನ. ಇವರಿಗೆ ಬೇರೆ ಕೆಲಸವೇ ಇಲ್ಲವೇ?

"ಮೆತ್ತಗ ಮಾಡ್ರಿ," ಎಂದು ಪಿಸುಗುಟ್ಟಿದೆ.

"ಏನಂದ್ರಿ ಸರ್?" ಸಾಹೇಬರು ಯಾವುದೋ ಗಾಡಿಯ ಅಡಿಯಿಂದಲೇ ಕೇಳಿದರು.

"ಮೆತ್ತಗ್ರೀ! ಮೆತ್ತಗ ಮಾಡ್ರಿ!"

ಇಡೀ ಓಣಿಗೆ ಕೇಳಿಸಿತು. ಬೆಂಚಿನವರು ನಕ್ಕರು. ಸಂಜೆಯೊಳಗೆ ಸಾಹೇಬರು ಮೆತ್ತನೆಯವನ್ನು ಹಾಕಿಕೊಟ್ಟರು.

ಭಾನುವಾರ ಬಸ್ ಸ್ಟ್ಯಾಂಡಿಗೆ ಹೊರಟಿದ್ದ ಅವ್ವನನ್ನು, ರಿಪೇರಿ ಮಾಡಿಸಿದ್ದೇನೆಂದು ಕಾಡಿಬೇಡಿ ಕಾರಿನಲ್ಲಿ ಕೂರಿಸಿದೆ. ಕಲ್ಲೂರಿನ ಹತ್ತಿರ ತಿರುವಿನಲ್ಲಿ ಕಾರು ಹಳೆಯ ಚಾಳಿಯಂತೆ ವಾಲಿತು. ಆಮೇಲೆ ಒಂದು ತಗ್ಗು ಬಂತು, ಹೋಯಿತು. ಅವ್ವ ಡಬ್ಬಿಯ ಮುಚ್ಚಳ ಸರಿಸಿ ಇಣುಕಿದಳು. ಮೊಸರು ಕದಡಿರಲಿಲ್ಲ.

"ರಿಪೇರಿ ಮಾಡಿಸಿದ್ದು ಚಲೋ ಆತು ನೋಡಪ್ಪಾ. ಹೋದ ಸಲ ನಟ್ಟೆಲ್ಲಾ ಸಡ್ಲಾಗಿದ್ವು," ಎಂದಳು ಸೆರಗು ಹೊದ್ದು ಒರಗಿಕೊಳ್ಳುತ್ತ. "ಈಗ ಗಾಡಿ ಗಟ್ಟಿ ಅದ."

ಹೂಂ ಅಂದೆ. ಸಿರವಾರ ಬರುವಷ್ಟರಲ್ಲಿ ಹಿಂದಿನಿಂದ ಗೊರಕೆ ಕೇಳಿಸಿತು.