ತನ್ನದೇ ಮುಖದ ಹೆಂಗಸು

ಎಂಬತ್ತೈದನೇ ಇಸವಿ. ನಿಡುಗಲ್ ಬೆಟ್ಟದ ಬುಡದಲ್ಲಿ ಕುರಿ ಮೇಯಿಸುತ್ತಿದ್ದ ಕ್ಯಾತಮ್ಮನ ಹತ್ತಿರ ಒಂದು ಜೀಪು ಬಂದು ನಿಂತಿತು. ಅವಳಿಗಾಗ ಹದಿನಾಲ್ಕು ವರ್ಷ. ಹನುಮಕ್ಕನ ಮನೆ ಯಾವುದೆಂದು ಕೇಳಲು ಇಳಿದ ಹೆಂಗಸು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಕ್ಯಾತಮ್ಮ ತಲೆಯೆತ್ತಿ ನೋಡಿದಳು. ಆ ಮುಖ ತನ್ನದೇ. ವಯಸ್ಸು ಮೂವತ್ತು ದಾಟಿತ್ತು, ಕಾಯಿಲೆಯಿಂದ ಊದಿಕೊಂಡಿತ್ತು. ಆದರೂ ಕೂಡುಹುಬ್ಬು, ಸೊಟ್ಟ ಕೋರೆಹಲ್ಲು, ಎಡಗೈಯ ಆರನೇ ಬೆರಳು, ಎಲ್ಲ ತನ್ನವೇ.

ಕುರಿಗಳನ್ನು ಅಲ್ಲೇ ಬಿಟ್ಟು ಮನೆಗೆ ಓಡಿದಳು. ವಿಷಯ ಕೇಳುತ್ತಲೇ ಅವಳ ಅವ್ವ ಹನುಮಕ್ಕ ಬಾಗಿಲ ಅಗುಳಿ ಹಾಕಿ, ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿದಳು. ಗಂಡ ಸತ್ತ ಮೇಲೆ ಅವಳು ಶಿರಾದಲ್ಲಿ ನಂದೀಶ್ವರಯ್ಯ ಎಂಬ ಡಾಕ್ಟರ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದಳು. ಸಾಹುಕಾರರೊಬ್ಬರ ಮಗಳು ಜಗದಾಂಬನ ಮೈಯಿಂದ ತೆಗೆದ ಒಂದು ಜೀವಕಣವನ್ನು ಡಾಕ್ಟರು ಇವಳ ಹೊಟ್ಟೆಯಲ್ಲಿ ಬೆಳೆಸಿದರು. ಹಾಗೆ ಹುಟ್ಟಿದವಳು ಕ್ಯಾತಮ್ಮ, ಜಗದಾಂಬನ ಪಡಿಯಚ್ಚು. ಆಕೆಯ ಯಾವ ಅಂಗ ಮುಂದೆ ಕೆಟ್ಟರೂ ಈ ಕೂಸಿನಿಂದ ತೆಗೆದು ಹಾಕಬಹುದು ಎಂದು ಡಾಕ್ಟರು ಯಾರಿಗೋ ಹೇಳಿದ್ದು ಕಿವಿಗೆ ಬಿದ್ದ ದಿನವೇ ಹನುಮಕ್ಕ ಹಸಿಬಾಣಂತಿ ಮೈಯಲ್ಲಿ, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಾವಗಡದ ಬಸ್ಸು ಹತ್ತಿದ್ದಳು.

ಕ್ಯಾತಮ್ಮ ತನ್ನ ಕೈಯನ್ನು ನೋಡಿಕೊಂಡಳು. ಅದು ಇನ್ನಾರದೋ ಕೈ ಅನಿಸಿತು.

ಬಾಗಿಲು ಬಡಿದ ಸದ್ದಾಯಿತು. ಹುಡುಗಿಯ ಬೆನ್ನಿಗೇ ಜೀಪು ಬಂದಿತ್ತು. ನಂದೀಶ್ವರಯ್ಯ ಹೊರಗಿನಿಂದಲೇ ಸಮಾಧಾನವಾಗಿ ಮಾತಾಡಿದರು. ಜಗದಾಂಬನವರ ಎರಡೂ ಕಿಡ್ನಿ ಕೆಟ್ಟಿವೆ, ಒಂದು ಕೊಟ್ಟರೆ ಸಾಕು, ಹುಡುಗಿ ಸಾಯುವುದಿಲ್ಲ, ಅಷ್ಟಕ್ಕೂ ಅದು ಅವರದೇ ಮೈ ಎಂದರು.

ಹನುಮಕ್ಕ ಕುಡುಗೋಲು ಹಿಡಿದು ನಿಂತಳು. "ಒಳಕ್ಕೆ ಬಂದ್ರೆ ಕಡ್ದಾಕ್ಬುಡ್ತೀನಿ. ಹೊತ್ತಿದ್ದು ನಾನು, ಹಾಲು ಕುಡ್ಸಿದ್ದು ನಾನು."

ಡ್ರೈವರು ಬಾಗಿಲಿಗೆ ಭುಜ ಕೊಟ್ಟು ನೂಕತೊಡಗಿದ. ಅವನು ಒಳಗೆ ಬಂದರೆ ಅವ್ವ ಕೊಲೆ ಮಾಡಿ ಜೈಲಿಗೆ ಹೋಗುತ್ತಾಳೆ ಎಂದು ಕ್ಯಾತಮ್ಮನಿಗೆ ಹೊಳೆಯಿತು. ತಾನೇ ಹೋಗಿ ಅಗುಳಿ ತೆಗೆದಳು. ಡಾಕ್ಟರ ಕಡೆ ನೋಡದೆ ಜಗದಾಂಬನನ್ನೇ ಕೇಳಿದಳು:

"ನನ್ ಹೆಸ್ರು ಏನು ಹೇಳ್ರಮ್ಮ."

ಜಗದಾಂಬ ಡಾಕ್ಟರ ಮುಖ ನೋಡಿದಳು. ಅವರಿಗೂ ಗೊತ್ತಿರಲಿಲ್ಲ.

"ಕ್ಯಾತಮ್ಮ ಅಂತ. ಈ ಹನುಮಕ್ಕನ ಮಗ್ಳು. ಕೊಡ್ತೀಯಾ ಅಂತ ಕೇಳಿದ್ರೆ ನಾನು ಏನಂತಿದ್ನೋ ಏನೋ. ನೀವು ನನ್ನ ಕೇಳ್ಲೇ ಇಲ್ಲ."

ಜಗದಾಂಬ ಜಗಲಿಯ ಮೇಲೆ ಕುಸಿದು ಕೂತಳು. ಎಲ್ಲೋ ಗಾಜಿನ ಜಾಡಿಯಲ್ಲಿ ಒಂದು ಮಾಂಸದ ಮುದ್ದೆ ಬೆಳೆಯುತ್ತಿದೆ ಎಂದಷ್ಟೇ ಅವಳಿಗೆ ಹೇಳಿದ್ದರಂತೆ; ಅದರ ಠಾವು ಹನುಮಕ್ಕನಿಗೆ ಗೊತ್ತು ಎಂದು ಇಲ್ಲಿಗೆ ಕರೆತಂದಿದ್ದರಂತೆ. ಹುಡುಗಿಯ ಆರನೇ ಬೆರಳನ್ನು ನೋಡಿದಳು. ಆಮೇಲೆ "ನಡೀರಿ ಡಾಕ್ಟ್ರೇ" ಎಂದಳು. ನೀವು ಬದುಕಲು ಬೇರೆ ದಾರಿಯಿಲ್ಲ ಎಂದು ಅವರು ಎಷ್ಟು ಹೇಳಿದರೂ ಕೇಳದೆ ಜೀಪು ಹತ್ತಿದಳು.

ಡಾಕ್ಟರು ಮತ್ತೆ ಬಂದಾರೆಂದು ಅವ್ವ ಮಗಳು ಕುರಿ ಹೊಡೆದುಕೊಂಡು ನಾಗಲಮಡಿಕೆಗೆ ಹೋಗಿ ನೆಲೆಸಿದರು. ಕ್ಯಾತಮ್ಮನ ಅಂಜಿಕೆ ಮಾತ್ರ ಜೊತೆಗೇ ಬಂತು. ಜಗದಾಂಬನಿಗೆ ಬಂದ ಕಾಯಿಲೆ ತನಗೂ ಬಂದೇ ಬರುತ್ತದೆಂದು ಬೆಳಿಗ್ಗೆ ಎದ್ದೊಡನೆ ಪಾದ ಊದಿದೆಯೇ ಎಂದು ಒತ್ತಿ ನೋಡಿಕೊಳ್ಳುವಳು.

ಮುಂದಿನ ಬೇಸಿಗೆಯಲ್ಲಿ, ಶಿರಾದ ಸಂತೆಗೆ ಹೋಗಿಬಂದವರ ಬಾಯಲ್ಲಿ ಜಗದಾಂಬ ತೀರಿಕೊಂಡ ಸುದ್ದಿ ಬಂತು. ಕ್ಯಾತಮ್ಮ ಹಿತ್ತಿಲಿಗೆ ಹೋಗಿ, ಹತ್ತಿರದ ನೆಂಟರು ಸತ್ತಾಗ ಮಾಡುವ ಹಾಗೆ, ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಸುರಿದುಕೊಂಡಳು. ಹನುಮಕ್ಕ ಒಣಗಿದ ಸೀರೆ ತಂದು ಕೊಟ್ಟಳು.