ಗಿಣ್ಣು ಕೊಟ್ಟು ಬಂದ ದಿನ

ನಮ್ಮ ಶಾಲೆಗೆ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಬೇಕಿತ್ತು. ಪಾಸಾಗುವ ಭರವಸೆ ಇಲ್ಲದವರನ್ನು ಒಂಬತ್ತನೇ ತರಗತಿಯ ಕೊನೆಯಲ್ಲೇ ಟಿ.ಸಿ. ಕೊಟ್ಟು ಕಳುಹಿಸುತ್ತಿದ್ದರು. ಯಾರು ಉಳಿಯಬೇಕೆಂಬುದು ಬೆಳಗಿನ ವಿಶೇಷ ತರಗತಿಯ ಕಿರುಪರೀಕ್ಷೆಗಳಲ್ಲಿ ತೀರ್ಮಾನವಾಗುತ್ತಿತ್ತು.

ನಾನೂ ದೊಡ್ಡಪ್ಪನ ಮಗಳೂ ಕ್ಯಾಸಂಬಳ್ಳಿಯ ಹತ್ತಿರದ ಊರಿನಿಂದ ರಾಬರ್ಟ್‌ಸನ್‌ಪೇಟೆಯ ಆ ಶಾಲೆಗೆ ಹೋಗುತ್ತಿದ್ದೆವು. ನಮ್ಮ ಮನೆಯಲ್ಲಿ ಹಸು ಕರೆಯಲು ಅಜ್ಜಿ ಇದ್ದಳು. ನನಗೆ ಮೊದಲ ಬಸ್ಸು ಸಿಗುತ್ತಿತ್ತು. ದೊಡ್ಡಪ್ಪ ಕೆಲಸಕ್ಕೆಂದು ಬಂಗಾರಪೇಟೆಯ ರೈಲು ಹಿಡಿಯಲು ಕತ್ತಲಲ್ಲೇ ಹೊರಡುತ್ತಿದ್ದ. ದೊಡ್ಡಮ್ಮನಿಗೆ ಕೈನೋವು. ಹಾಲು ಕರೆದು ಡೇರಿಗೆ ಹಾಕಿ ಬರುವವಳು ಮಗಳೇ. ಪರೀಕ್ಷೆ ಅರ್ಧ ಮುಗಿದ ಮೇಲೆ ತರಗತಿಗೆ ಬರುತ್ತಿದ್ದಳು. ಸಂಜೆಯ ಬಸ್ಸಿನಲ್ಲಿ ನನಗೆ ಬೀಜಗಣಿತ ಹೇಳಿಕೊಡುತ್ತಿದ್ದವಳೂ ಇವಳೇ.

ಶಾಲೆಯಿಂದ ದೊಡ್ಡಮ್ಮನಿಗೆ ಕರೆ ಬಂದ ವಾರ ಅವರ ಹಸು ಕರು ಹಾಕಿತ್ತು. ಗಿಣ್ಣು ಕಾಯಿಸಿದರೆ ಬೇಕಾದವರಿಗೆಲ್ಲ ಹಂಚುವುದು ನಮ್ಮಲ್ಲಿ ರೂಢಿ. ಮಗಳ ಬಗ್ಗೆ ಒಳ್ಳೆಯ ಮಾತು ಹೇಳಲು ಕರೆದಿದ್ದಾರೆಂದುಕೊಂಡ ದೊಡ್ಡಮ್ಮ, ಮೇಷ್ಟ್ರಿಗೆಂದು ಒಂದು ಸ್ಟೀಲ್ ಡಬ್ಬಿ ತುಂಬಿಸಿ ತಂದಳು. ನಾವಿಬ್ಬರೂ ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತಿದ್ದೆವು.

ಮೇಷ್ಟ್ರು ಡಬ್ಬಿ ತೆರೆದು, “ಓಹೋ, ಗಿಣ್ಣು! ತಿಂದು ಎಷ್ಟು ಕಾಲ ಆಯ್ತಮ್ಮಾ,” ಎಂದರು. ಆಮೇಲೆ ಮುಚ್ಚಳ ಹಾಕಿದರು. “ನಿಮ್ಮ ಹುಡುಗಿಗೆ ಹತ್ತನೇ ಕ್ಲಾಸು ಕಷ್ಟ. ಟಿ.ಸಿ. ತಗೊಂಡುಬಿಡಿ. ಹೊರಗಿಂದ ಪರೀಕ್ಷೆ ಕಟ್ಟಲಿ.”

“ಬುದ್ಧಿ ಐತೆ ಸಾರ್. ಆಲು ಆಕಿ ಬರೋ ಒತ್ಗೆ ಬಸ್ಸು ಓಗ್ಬಿಡ್ತೈತೆ, ಅಷ್ಟೇ.”

“ನಾವು ಮಾರ್ಕ್ಸು ನೋಡ್ಬೇಕೋ, ಬಸ್ಸು ನೋಡ್ಬೇಕೋ, ನೀವೇ ಹೇಳಿ.”

ದೊಡ್ಡಮ್ಮ ಸೆರಗು ಹೊದ್ದುಕೊಂಡಳು. “ನೀವು ಯೋಳ್ದಂಗೇ ಆಗ್ಲಿ ಸಾರ್.” ಮೇಷ್ಟ್ರಿಗೆ ಎದುರಾಡುವುದು ಮರ್ಯಾದೆಯಲ್ಲವೆಂದೇ ಅವಳು ನಂಬಿದ್ದಳು.

ಶಾಲೆಯ ಆಯಾ ಡಬ್ಬಿ ತೊಳೆದು ತಂದಳು. ಬರಿದಾಗಿ ಕೊಡಬಾರದೆಂದು ಟೀಗಿಟ್ಟಿದ್ದ ಸಕ್ಕರೆ ಒಂದು ಚಮಚ ಹಾಕಿದ್ದಳು.

ಬಸ್ಸಿನಲ್ಲಿ ದೊಡ್ಡಪ್ಪನ ಮಗಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, “ಇನ್ನ ನಿಧಾನಕ್ಕೆ ಕರೀಬೋದು ಬಿಡೇ. ಹಸೂಗೂ ನೆಮ್ಮದಿ,” ಎಂದು ನಕ್ಕಳು. ದೊಡ್ಡಮ್ಮ ನಗಲಿಲ್ಲ.

ಹೊರಗಿನಿಂದ ಅವಳು ಪರೀಕ್ಷೆ ಕಟ್ಟಲೇ ಇಲ್ಲ. ಮರುವರ್ಷ ಶಾಲೆಯ ಗೇಟಿನಲ್ಲಿ ನೂರಕ್ಕೆ ನೂರರ ಬ್ಯಾನರ್ ಕಟ್ಟಿದರು. ಅದರಲ್ಲಿ ನನ್ನ ಫೋಟೊ ಇತ್ತು. ಆಮೇಲೆ ನಾನು ವಿಶ್ವವಿದ್ಯಾಲಯದವರೆಗೂ ಹೋದೆ.

ಈಗ ಊರಿಗೆ ಹೋದಾಗ ಮೊದಲ ಬಸ್ಸಿಗೇ ಹಿಂದಿರುಗುತ್ತೇನೆ. ಆ ಹೊತ್ತಿಗೆ ಅವಳು ಕ್ಯಾನು ಹಿಡಿದು ಡೇರಿಯ ಸಾಲಿನಲ್ಲಿರುತ್ತಾಳೆ. ಬಸ್ಸು ಪಕ್ಕದಲ್ಲೇ ಹಾದುಹೋಗುತ್ತದೆ. ಅವಳು ತಲೆ ಎತ್ತುವುದಿಲ್ಲ.